ಎತ್ತಬಾರದ ಕರೆ

ದೂರವಾಣಿ ಮಾತುಕತೆಯನ್ನು ದಾಖಲಿಸಿಟ್ಟುಕೊಳ್ಳುವುದರಿಂದ ಆರು ಪ್ರಯೋಜನಗಳಿವೆ ಎಂದು ನಮ್ಮ ಸರ್ಕಾರಿ ಧ್ವನಿ ದಾಖಲೆ ಕೇಂದ್ರದ ಕರಪತ್ರ ಹೇಳುತ್ತದೆ. ಬರೆದವನು ನಾನೇ, ಹಾಗಾಗಿ ಆರೂ ಬಾಯಿಪಾಠ. ಡಾಕ್ಟರು ಹೇಳಿದ ಮಾತ್ರೆಯ ಹೊತ್ತು ಮರೆಯುವುದಿಲ್ಲ. ಮದುವೆ ಮಾತುಕತೆಯಲ್ಲಿ 'ನಾವು ಹಾಗಂದೇ ಇಲ್ಲ' ಎಂದು ಬೀಗರು ತಿರುಗಿ ಬೀಳಲಾರರು. ನಳದಲ್ಲಿ ದಿನಾ ನೀರು ಬರುತ್ತದೆ ಎಂದು ಮನೆ ಮಾಲೀಕ ಕೊಟ್ಟ ಮಾತು ಮಾತಾಗಿಯೇ ಉಳಿಯುತ್ತದೆ. ದೂರದ ತಾಯಿ ಹೇಳಿದ ಸಾರಿನ ಪುಡಿಯ ಅಳತೆ ಕಳೆದುಹೋಗುವುದಿಲ್ಲ. ಬೆದರಿಕೆ ಹಾಕಿದವನ ಮೇಲೆ ಸಾಕ್ಷಿ ಸಿಗುತ್ತದೆ. ಆರನೆಯದಾಗಿ, ಮಾತು ದಾಖಲಾಗುತ್ತಿದೆ ಎಂದು ಗೊತ್ತಿದ್ದವರು ನಾಲಗೆಯನ್ನು ಹಿಡಿತದಲ್ಲಿಟ್ಟುಕೊಳ್ಳುತ್ತಾರೆ. ಈ ಆರನೆಯದನ್ನು ಮೇಲಿನವರು ಬಹಳ ಮೆಚ್ಚಿಕೊಂಡರು. ಅದು ಪ್ರಯೋಜನವೋ ನಷ್ಟವೋ ಎಂದು ನನಗೆ ಮಾತ್ರ ಇಂದಿಗೂ ತಿಳಿದಿಲ್ಲ.

ಕರಪತ್ರ ಅಚ್ಚಾದ ಎರಡು ವರ್ಷಕ್ಕೆ, ಯಾರೂ ಎತ್ತದ ಕರೆಗಳ ವಿಷಯ ಬಯಲಿಗೆ ಬಂತು.

ಬಂದದ್ದು ಹೀಗೆ. ಹುಬ್ಬಳ್ಳಿಯಲ್ಲಿ ಮೊಬೈಲ್ ಕರೆಗಳನ್ನು ಸಾಗಿಸುತ್ತಿದ್ದ ಹಳೆಯ ಎಕ್ಸ್‌ಚೇಂಜ್ ಕಟ್ಟಡವೊಂದನ್ನು ಕೆಡವುವಾಗ, ಕೆಳಗಿನ ಗೋದಾಮಿನಲ್ಲಿ ಒಂಬತ್ತು ಸಾವಿರ ಟೇಪುಗಳು ಸಿಕ್ಕವು. ನಾವು ನಂಬರ್ ಒತ್ತಿ ಫೋನನ್ನು ಕಿವಿಗೆ ಹಿಡಿದಾಗ ಆ ಕಡೆ ರಿಂಗಾಗುತ್ತದೆಯಲ್ಲ, ಅವರು ಎತ್ತುವ ತನಕ ನಮ್ಮ ಮಾತು ಎಲ್ಲಿಗೂ ಹೋಗುವುದಿಲ್ಲ ಎಂದು ನಾವೆಲ್ಲ ನಂಬಿದ್ದೆವು. ಆದರೆ ನಮ್ಮ ಫೋನಿನ ಬಾಯಿ ನಂಬರ್ ಒತ್ತಿದ ಕ್ಷಣದಿಂದಲೇ ತೆರೆದಿರುತ್ತಿತ್ತು. ಮುಂದೆ ಮಾತಿನಲ್ಲಿ ಪ್ರತಿಧ್ವನಿ ಬೆರೆಯದಿರಲಿ ಎಂದು, ಎಕ್ಸ್‌ಚೇಂಜಿನ ಯಂತ್ರ ಕರೆ ಮಾಡಿದವರ ಸುತ್ತಲಿನ ಸದ್ದನ್ನು ಮೊದಲೇ ಕೇಳಿಸಿಕೊಂಡು ಹದ ಮಾಡಿಕೊಳ್ಳುತ್ತಿತ್ತು. ಕೇಳಿಸಿಕೊಂಡದ್ದನ್ನು ಹಿಂಡಿ ಚಿಕ್ಕದು ಮಾಡಿ ಟೇಪಿಗೆ ಹಾಕುತ್ತಿತ್ತು. ಎತ್ತಿದ ಮೇಲಿನ ಮಾತು ಅದಕ್ಕೆ ಬೇಕಿರಲಿಲ್ಲ, ರಿಂಗಾಗುವ ಹೊತ್ತಿನದಷ್ಟೇ ಸಾಕು. ಪರೀಕ್ಷೆಗೆಂದು ಇಟ್ಟ ಆ ಟೇಪುಗಳನ್ನು ಅಳಿಸುವ ಕೆಲಸ ಯಾರದು ಎಂದು ಯಾವ ಕಡತದಲ್ಲೂ ಬರೆದಿರಲಿಲ್ಲ. ಯಾರದ್ದೂ ಅಲ್ಲದ ಕೆಲಸ ಕಚೇರಿಗಳಲ್ಲಿ ಚಿರಂಜೀವಿ.

ಮೂರು ವರ್ಷ ಹೆಣಗಿ ನಮ್ಮ ಕೇಂದ್ರದವರು ಆ ಹಿಂಡಿದ ಸದ್ದನ್ನು ಬಿಡಿಸುವ ಯಂತ್ರ ಮಾಡಿದರು. ಅದಕ್ಕೊಂದು ಉದ್ದ ಸಂಸ್ಕೃತದ ಹೆಸರಿದೆ. ಜನ ಕಿವಿಪೆಟ್ಟಿಗೆ ಅಂದರು, ಈಗ ನಾವೂ ಹಾಗೇ ಅನ್ನುತ್ತೇವೆ. ತನಗೆ ಬಂದ ಹಳೆಯ ಕರೆಗಳ ರಿಂಗನ್ನು ಯಾರು ಬೇಕಾದರೂ ಬಂದು ಕೇಳಬಹುದು ಎಂದು ಕಾಯ್ದೆಯಾಯಿತು. ಮೊದಲ ಆರು ತಿಂಗಳು ಊರಿಗೆ ಊರೇ ನಮ್ಮ ಬಾಗಿಲಲ್ಲಿ ನಿಂತಿತ್ತು. ಅತ್ತೆಗೆ ಫೋನ್ ಹಚ್ಚಿದ ಅಳಿಯ 'ಎತ್ತೂದಿಲ್ಲ ನೋಡು, ಸೊಕ್ಕು' ಎಂದದ್ದು ಆಗ ಗೊತ್ತಾಯಿತು. ಗೆಳೆಯನಿಗೆ ಫೋನ್ ಮಾಡುತ್ತ 'ಎತ್ತದಿದ್ದರ ಸಾಕಪ್ಪ ದೇವರ' ಎಂದು ಬೇಡಿಕೊಂಡವರು ಎಷ್ಟು ಮಂದಿಯೋ. ಕುಂದಗೋಳದ ಒಬ್ಬ ನಿವೃತ್ತ ಮಾಸ್ತರರು ನಲವತ್ತು ವರ್ಷದ ಸ್ನೇಹವನ್ನು ನಮ್ಮ ಕೌಂಟರಿನ ಎದುರೇ ಕಡಿದುಕೊಂಡು ಎದ್ದು ಹೋದರು. ಕ್ರಮೇಣ ಜನ ಹುಷಾರಾದರು. ರಿಂಗಾಗುವಾಗ ತುಟಿ ಬಿಗಿಹಿಡಿದು ಕೂರುವುದೇ ಹೊಸ ಸಭ್ಯತೆಯಾಯಿತು. ಇನ್ನು ಮುಂದೆ ರಿಂಗಿನ ಹೊತ್ತಿನ ಸದ್ದನ್ನು ಯಾರೂ ಉಳಿಸುವಂತಿಲ್ಲ ಎಂದು ಇನ್ನೊಂದು ಕಾಯ್ದೆ ಬಂದರೂ ಆ ಅಭ್ಯಾಸ ಹೋಗಲಿಲ್ಲ. ಈಗಲೂ ಮಕ್ಕಳು ಫೋನ್ ಕಿವಿಗಿಟ್ಟುಕೊಂಡು ಬಾಯಿಗೆ ಬೆರಳು ಅಡ್ಡ ಹಿಡಿಯುತ್ತವೆ.

ಆ ಸರದಿಯಲ್ಲಿ ಬಂದು ನಿಲ್ಲದೆ ಉಳಿದವರು ನಮ್ಮ ವೈನಿ. ಹೆಸರು ದಾಕ್ಷಾಯಣಿ, ನಮ್ಮಣ್ಣ ಅಂದಾನೆಪ್ಪನ ಹೆಂಡತಿ. ಅಣ್ಣ ತೀರಿಕೊಂಡು ಇಪ್ಪತ್ತೆರಡು ವರ್ಷವಾಗಿತ್ತು. ಡಂಬಳದಲ್ಲಿ ಊರಿನ ಐದು ಮಂದಿ ಹೆಂಗಸರನ್ನು ಕಟ್ಟಿಕೊಂಡು ಖಡಕ್ ರೊಟ್ಟಿ ಕೇಂದ್ರ ನಡೆಸುತ್ತಾರೆ. ಭಾನುವಾರಗಳಂದು ನಾನು ಹುಬ್ಬಳ್ಳಿಯಿಂದ ಹೋಗಿ ಬರುತ್ತೇನೆ. ಹೋದಾಗಲೆಲ್ಲ ಕಿವಿಪೆಟ್ಟಿಗೆಯ ಸುದ್ದಿ ಬಿಟ್ಟು ಬೇರೆಲ್ಲ ಕೇಳುತ್ತಿದ್ದರು. ನಾನೂ ಆ ಮಾತು ಎತ್ತುತ್ತಿರಲಿಲ್ಲ.

ಯಾಕೆಂದು ಹೇಳಬೇಕಾದರೆ ಅಣ್ಣನ ಕೆಲಸ ಹೇಳಬೇಕು. ಕಪ್ಪತಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ದುರಸ್ತಿ ಮಾಡುವುದು ಅವನ ಕೆಲಸ. ಊರವರು ಅವನ್ನು ಫ್ಯಾನು ಅನ್ನುತ್ತಾರೆ. ಎಂಬತ್ತು ಮೀಟರ್ ಎತ್ತರದ ಕಂಬದೊಳಗೆ ಏಣಿ ಹತ್ತಿ, ತುದಿಯ ಕೋಣೆಯಲ್ಲಿ ಕೂತು ಗ್ರೀಸು ಹಾಕಬೇಕು, ಬೋಲ್ಟು ಬಿಗಿಯಬೇಕು, ಮೇಲಿನ ಕಿಂಡಿಯಿಂದ ದುರ್ಬೀನು ಹಿಡಿದು ಪಕ್ಕದ ಫ್ಯಾನುಗಳ ರೆಕ್ಕೆಯಲ್ಲಿ ಬಿರುಕು ಹುಡುಕಬೇಕು. ಒಬ್ಬ ಮೇಲೆ, ಒಬ್ಬ ಕೆಳಗೆ. ಮೇಲೆ ಮನುಷ್ಯ ಇರುವಷ್ಟು ಹೊತ್ತೂ ಆ ಫ್ಯಾನು ನಿಂತಿರಬೇಕು. ನಮ್ಮ ಮನೆಯ ಮಾಳಿಗೆಯಿಂದ ನೋಡಿದರೆ, ತಿರುಗುವ ಸಾಲಿನ ನಡುವೆ ಒಂದು ನಿಂತಿದ್ದರೆ ಅಣ್ಣ ಅಲ್ಲಿದ್ದಾನೆ ಎಂದು ಅರ್ಥ.

ಮೇಲಿದ್ದವನಿಗೆ ಮನೆಯವರು ಫೋನ್ ಮಾಡಬಾರದು ಎನ್ನುವುದು ಆ ಕೆಲಸದವರ ಕಟ್ಟುನಿಟ್ಟು. ಕೈಯಲ್ಲಿ ಬೋಲ್ಟು ಬಿಗಿಯುವ ಪಾನಾ ಇರುತ್ತದೆ, ಕಾಲ ಕೆಳಗೆ ಆಳ ಇರುತ್ತದೆ, ಕಿಸೆಯಲ್ಲಿ ಫೋನ್ ಕೂಗಿಕೊಂಡರೆ ಬೆಚ್ಚಿಬೀಳುತ್ತಾರೆ. ಹಾಗಾಗಿ ಅಣ್ಣನೇ ಮಿಸ್ಡ್ ಕಾಲ್ ಕೊಡುತ್ತಿದ್ದ. ಒಂದು ರಿಂಗಿಗೆ ನಿಂತರೆ, ಮೇಲೆ ಮುಟ್ಟಿದೆ. ಎರಡಾದರೆ, ಮನೆಗೆ ಹೊರಟೆ. ಮೂರಾದರೆ, ತಡವಾಗುತ್ತದೆ, ನೀ ಉಣ್ಣು, ಕಾಯಬೇಡ. ವೈನಿ ಎತ್ತಬಾರದು, ತಿರುಗಿ ಮಾಡಲೂಬಾರದು. ಮುಂದೆ ಕರೆಗಳೆಲ್ಲ ಪುಕ್ಕಟೆಯಾದ ಮೇಲೂ ಈ ನಿಯಮ ಬದಲಾಗಲಿಲ್ಲ. ಅಣ್ಣ ಆ ಕೆಲಸಕ್ಕೆ ಸೇರಿದ ಮೇಲಿನ ಹನ್ನೊಂದು ವರ್ಷ ಗಂಡ ಹೆಂಡತಿ ಹೀಗೆ ರಿಂಗು ಎಣಿಸಿಕೊಂಡೇ ಸಂಸಾರ ಮಾಡಿದರು. ಅಣ್ಣನೋ, ಮಾತಿನಲ್ಲಿ ಮಹಾ ಜಿಪುಣ. ಮನೆಗೆ ಬಂದರೂ 'ನೀರು', 'ರೊಟ್ಟಿ', 'ಹೂಂ' ಇಷ್ಟರಲ್ಲೇ ಅವನ ದಿನ ಮುಗಿಯುತ್ತಿತ್ತು.

ಒಂದು ಮಾರ್ಚ್ ತಿಂಗಳ ಸಂಜೆ ಐದು ಐವತ್ತಕ್ಕೆ ಬಂದ ಕರೆ ಏಳು ರಿಂಗಾಯಿತು. ಏಳಕ್ಕೆ ಅವರ ನಡುವೆ ಅರ್ಥವಿರಲಿಲ್ಲ. ಆರೂವರೆಯಾದರೂ ಮೇಲಿನಿಂದ ಸುಳಿವಿಲ್ಲ ಎಂದು ಕೆಳಗಿನ ಜೊತೆಗಾರ ಹತ್ತಿ ಹೋದಾಗ, ಅಣ್ಣ ಕಿಂಡಿಯ ಪಕ್ಕ ಒರಗಿ ಕೂತಿದ್ದ. ಜೀವ ಹೋಗಿತ್ತು. ಹೃದಯಾಘಾತ ಎಂದರು. ನಲವತ್ತೊಂದು ವರ್ಷ.

"ಫಕ್ಕೀರಪ್ಪ," ಎಂದರು ವೈನಿ ಒಂದು ಭಾನುವಾರ. ರೊಟ್ಟಿ ಬಡಿಯುವ ಕೈ ನಿಂತಿರಲಿಲ್ಲ. "ನಿಮ್ಮ ಪೆಟಗಿ ಇಪ್ಪತ್ತೆರಡು ವರ್ಷದ ಹಿಂದಿಂದೂ ಕೇಳಸ್ತೈತೇನು?"

"ಟೇಪ್ ಛೊಲೋ ಇದ್ರ ಕೇಳಸ್ತೈತ್ರಿ ವೈನಿ."

"ಗಾಳಿ ಭಾಳ ಇದ್ರ?"

"ಗಾಳಿ ತಗದ ಹಾಕಬಹುದ್ರಿ."

ಅವರು ರೊಟ್ಟಿಯನ್ನು ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿದರು. ಉಳಿದ ಹೆಂಗಸರು ಊಟಕ್ಕೆ ಹೋಗಿದ್ದರು.

"ನಾ ಯಾರಿಗೂ ಹೇಳಿಲ್ಲ ಇದನ್ನ. ಅವತ್ತ ಫೋನು ಕೆಳಗ ಕಿಡಕ್ಯಾಗ ಇತ್ತು. ನಾ ಮಾಳಿಗಿ ಮ್ಯಾಲೆ ಸಂಡಿಗಿ ತಗೀತಿದ್ದೆ. ಮೂರು ಎಣಿಸಿದೆ, ತಡ ಆಗ್ತೈತಿ ಅಂದ್ಕೊಂಡೆ. ನಾಕನೇದು ಆತು, ಐದನೇದು ಆತು. ಕಿಸೆದಾಗ ಗುಂಡಿ ಒತ್ತಿರಬೇಕು ಅಂದ್ಕೊಂಡು ಅಲ್ಲೇ ನಿಂತೆ. ಏಳನೇದಕ್ಕ ತಡಕೊಳ್ಳಾಕ ಆಗಲಿಲ್ಲ, ಎತ್ತಾಕಂತ ಇಳದ ಹೋದೆ. ಕೈ ಹಚ್ಚೂದ್ರಾಗ ನಿಂತ ಹೋತು."

"ತಿರಗಿ ಮಾಡಲಿಲ್ಲೇನ್ರಿ?"

"ಮ್ಯಾಲೆ ಇದ್ದವರಿಗೆ ಮಾಡಬಾರದಲ್ಲ." ರೊಟ್ಟಿ ಉಬ್ಬಿತು, ಮಗುಚಿದರು. "ಮೂರು ಆಗಿತ್ತಲ್ಲ, ಉಣ್ಣು ಅಂದಂಗ ಅಂತ ಗಂಗಾಳದಾಗ ಹಾಕ್ಕೊಂಡು ಉಂಡೆ. ನಾ ಉಣ್ಣೂ ಹೊತ್ತಿನ್ಯಾಗ ಅವರು ಅಲ್ಲಿ ಹಂಗ ಕುಂತಿದ್ರು."

ಅವರು ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡು ಬಡಿಯತೊಡಗಿದರು.

"ನನ್ನ ಕರದಿದ್ರೋ ಇಲ್ಲೋ, ಅಷ್ಟ ಗೊತ್ತಾಗಬೇಕು ನಂಗ. ಎತ್ತು, ಎತ್ತು ಅಂತ ಏಳು ಸಲ ಕರದು ನಾ ಎತ್ತಿಲ್ಲ ಅಂದ್ರ, ಅದನ್ನ ಕೇಳೇ ಸಾಯ್ತೀನಿ. ಕೇಳದ ಸಾಯಾಕ ಒಲ್ಲೆ."

ಅರ್ಜಿ ತುಂಬಿಸಿಕೊಂಡು ಬಂದೆ. ಬಂದು, ನಾಲ್ಕು ತಿಂಗಳು ಅದನ್ನು ಡ್ರಾಯರಿನಲ್ಲಿಟ್ಟೆ. ಸರದಿ ಬಂದಿಲ್ಲ, ಟೇಪು ಸಿಕ್ಕಿಲ್ಲ ಎಂದು ಸುಳ್ಳು ಹೇಳಿದೆ. ನನಗೆ ಭಯವಿತ್ತು. ಅಣ್ಣ ಕೂಗಿ ಕರೆದಿದ್ದರೆ ಆ ಕೂಗನ್ನು ವೈನಿಯ ಕಿವಿಗೆ ಹಾಕುವವನು ನಾನಾಗಬೇಕಿತ್ತು.

ಕೊನೆಗೆ ಒಂದು ಬುಧವಾರ ಅವರೇ ಬಸ್ಸು ಹತ್ತಿ ಹುಬ್ಬಳ್ಳಿಗೆ ಬಂದರು. ಕೈಯಲ್ಲಿ ಬಟ್ಟೆ ಸುತ್ತಿದ ರೊಟ್ಟಿಯ ಗಂಟು. ನನ್ನ ಸುಳ್ಳಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಕೊನೆಯ ಕರೆಯನ್ನು ನೇರ ತೆರೆಯಲು ಬರುವುದಿಲ್ಲ ಎಂದು ವಿವರಿಸಿದೆ. ಆ ಎತ್ತರದಲ್ಲಿ ಗಾಳಿಯ ಅಬ್ಬರ ಜಾಸ್ತಿ. ಗಾಳಿಯಲ್ಲಿ ಮುಳುಗಿದ ದನಿಯನ್ನು ಹೆಕ್ಕಬೇಕಾದರೆ ಯಂತ್ರಕ್ಕೆ ಆ ಗಂಟಲಿನ ಪರಿಚಯ ಬೇಕು. ಅದೇ ಮನುಷ್ಯನ ಕನಿಷ್ಠ ನೂರೈವತ್ತು ಹಳೆಯ ಕರೆಗಳನ್ನು ಮೊದಲು ಅದಕ್ಕೆ ಕೇಳಿಸಬೇಕು. ಉಸಿರು, ಕೆಮ್ಮು, ಗಂಟಲು ಸರಿಮಾಡಿಕೊಂಡ ಸದ್ದು, ಏನಾದರೂ ಆಗುತ್ತದೆ. ಮಾತು ಇರಲೇಬೇಕೆಂದಿಲ್ಲ.

"ಮಾತಂತೂ ಇರೂದಿಲ್ಲ ಬಿಡು," ಎಂದರು ವೈನಿ. "ನಿಮ್ಮಣ್ಣಂದು ನಂಗ ಗೊತ್ತಿಲ್ಲೇನು."

ಮೊದಲ ತುಣುಕು ಹಾಕಿದೆ. ಒಂದೇ ರಿಂಗಿನ ಕರೆ, ಐದು ಸೆಕೆಂಡು. ಹೊಳೆ ಬಂದಂತೆ ಗಾಳಿ. ಗಾಳಿಯನ್ನು ಇಳಿಸುತ್ತ ಹೋದೆ. ಅಡಿಯಲ್ಲಿ ಸಣ್ಣಗೆ ಒಂದು ಸೀಟಿಯಂಥ ಸದ್ದು ಉಳಿಯಿತು.

ವೈನಿ ನನ್ನ ತೋಳು ಹಿಡಿದುಕೊಂಡರು. "ಮೂಗು," ಎಂದರು. "ಕೇಳಿಲ್ಲಿ, ಮೂಗು."

ಅಣ್ಣ ಹರೆಯದಲ್ಲಿ ಗರಡಿ ಮನೆಯ ಕುಸ್ತಿಯಲ್ಲಿ ಮೂಗು ಮುರಿದುಕೊಂಡಿದ್ದ. ಆಮೇಲೆ ಅವನ ಉಸಿರಿನಲ್ಲಿ ಒಂದು ಸೀಟಿ ಉಳಿದುಬಿಟ್ಟಿತ್ತು. ನಾನದನ್ನು ಮರೆತೇಹೋಗಿದ್ದೆ. ಹದಿನಾರು ವರ್ಷ ಪಕ್ಕದಲ್ಲಿ ಮಲಗಿದವರು ಮರೆತಿರಲಿಲ್ಲ. ಅವರು ಕಣ್ಣು ಮುಚ್ಚಿಕೊಂಡು ಕೂತಿದ್ದರು, ನಾನು ಮತ್ತೆ ಹಾಕಿದೆ. ಈ ಸಲ ಸೀಟಿಯ ಹಿಂದೆಯೇ ದನಿ ಬಂತು.

"ಮುಟ್ಟೀನಿ, ದಾಕ್ಷಾ."

ಅಷ್ಟೇ. ಐದು ಸೆಕೆಂಡು ಮುಗಿಯಿತು.

"ನನ್ನ ಹೆಸರ ತಗೊಂಡ್ರು," ಎಂದರು ವೈನಿ ಕಣ್ಣು ತೆರೆದು. ಮನೆಯಲ್ಲಿ ಅಣ್ಣ ಅವರನ್ನು 'ಏ, ಕೇಳಿಲ್ಲಿ' ಎಂದೇ ಕರೆಯುತ್ತಿದ್ದ. ಹೆಸರು ಹಿಡಿದು ಕರೆದದ್ದನ್ನು ನಾನಂತೂ ಕೇಳಿಲ್ಲ, ಅವರೂ ಕೇಳಿರಲಿಲ್ಲ.

ಮುಂದಿನ ತುಣುಕು. "ಗಾಳಿ ಭಾಳ ಐತಿ ಇವತ್ತ. ಕಿವಿಗೆ ಅರಿವಿ ಕಟ್ಟೀನಿ." ಅದರ ಮುಂದಿನದು. "ನಿನ್ನೆ ಬೈದೆ. ಬೈಬಾರದಿತ್ತು." ಮೂರು ರಿಂಗಿನದೊಂದು, "ಚಟ್ನ್ಯಾಗ ಉಪ್ಪ ಜಾಸ್ತಿ ಆಗಿತ್ತು. ಮನ್ಯಾಗ ಹೇಳಿದ್ರ ನಿನ್ನ ಮಾರಿ ಸಣ್ಣದಾಗ್ತೈತಿ, ಅದಕ್ಕ ಇಲ್ಲಿ ಹೇಳಾಕತ್ತೀನಿ." ಇನ್ನೊಂದು, "ಮಾಳಿಗಿ ಮ್ಯಾಲೆ ಹಸರ ಸೀರಿ ಕಾಣಾಕತ್ತೈತಿ. ನೀನ ಹೌದಲ್ಲೋ?"

ನನಗೆ ತಿಳಿಯಿತು. ಹೆಂಡತಿ ಎತ್ತುವುದಿಲ್ಲ ಎಂದು ಗೊತ್ತಿತ್ತಲ್ಲ, ಆ ಧೈರ್ಯದಲ್ಲಿ ಅಣ್ಣ ಮಾತನಾಡುತ್ತಿದ್ದ. ಮನೆಯಲ್ಲಿ ಎದುರು ಕೂತು ಆಡಲಾರದ್ದನ್ನು ಎಂಬತ್ತು ಮೀಟರ್ ಮೇಲೆ ಹತ್ತಿ, ರಿಂಗಾಗುವಷ್ಟು ಹೊತ್ತಿನಲ್ಲಿ ಆಡಿ ಮುಗಿಸುತ್ತಿದ್ದ. ಆ ದಿನ ನೂರಾ ಎಂಬತ್ತು ತುಣುಕು ಕೇಳಿದೆವು. ಚಟ್ನಿಯ ಮಾತಿಗೆ ವೈನಿ ಬಾಯಿಗೆ ಸೆರಗು ಹಿಡಿದು ನಕ್ಕರು, ಹಸಿರು ಸೀರೆಗೆ ಅತ್ತರು. ಆಮೇಲೆ ನಗುವುದಕ್ಕೂ ಅಳುವುದಕ್ಕೂ ಅವರಲ್ಲಿ ವ್ಯತ್ಯಾಸ ಉಳಿಯಲಿಲ್ಲ.

ಅವರನ್ನು ಬಸ್ಸಿಗೆ ಹತ್ತಿಸಿ ಬಂದು, ಒಬ್ಬನೇ ಕೂತು ನನ್ನ ನಂಬರಿಗೆ ಅಣ್ಣ ಮಾಡಿದ್ದ ಕರೆಗಳನ್ನು ಹುಡುಕಿದೆ. ಒಂಬತ್ತು ಸಿಕ್ಕವು. ಒಂಬತ್ತರಲ್ಲೂ ಅಣ್ಣ ಗಂಟಲು ಸರಿಮಾಡಿಕೊಳ್ಳುವ ಸದ್ದು ಮಾತ್ರ ಇತ್ತು. ಅಣ್ಣನ ಫೋನು ಅಂದರೆ ಓಡಿಬಂದು ಮೊದಲ ರಿಂಗಿಗೇ ಎತ್ತಿಬಿಡುತ್ತಿದ್ದೆ. ಇಷ್ಟು ವರ್ಷದ ಮೇಲೆ ನನ್ನ ಆ ಚುರುಕುತನಕ್ಕೆ ನಾನೇ ಶಾಪ ಹಾಕಿಕೊಂಡೆ.

ಯಂತ್ರ ಆ ಗಂಟಲನ್ನು ಕಲಿಯಲು ಎಂಟು ದಿನ ಬೇಕಿತ್ತು. ನಡುವಿನ ಭಾನುವಾರ ಡಂಬಳಕ್ಕೆ ಹೋದರೆ ರೊಟ್ಟಿ ಕೇಂದ್ರದಲ್ಲಿ ಹಬ್ಬದ ವಾತಾವರಣ. ವೈನಿ ಎಲ್ಲರಿಗೂ ಚಟ್ನಿಯ ಕಥೆ ಹೇಳಿಬಿಟ್ಟಿದ್ದರು.

"ಅಕ್ಕಾರು ಈಗ ಉಪ್ಪನ್ನ ಬೆರಳ ತುದೀಲೆ ಅಳದ ಹಾಕಾಕತ್ತಾರ್ರಿ," ಎಂದಳು ಹಿಟ್ಟು ನಾದುತ್ತಿದ್ದ ಒಬ್ಬಾಕೆ. "ಮ್ಯಾಲಿಂದ ಫೋನ್ ಬರ್ತೈತೇನೋ ಅಂತ ಹೆದರಿಕಿ."

"ಬಂದ್ರ ಬರಲಿ ಬಿಡ," ಎಂದರು ವೈನಿ. ಅವರ ಮುಖದಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ಕಾಣದ ಒಂದು ಕಳೆ ಇತ್ತು. ನನ್ನನ್ನು ಬಾಗಿಲವರೆಗೆ ಕಳಿಸಲು ಬಂದವರು ದನಿ ತಗ್ಗಿಸಿ ಕೇಳಿದರು. "ಇಷ್ಟೆಲ್ಲಾ ಮಾತಾಡಿದವರು ಅವತ್ತೂ ಏನರ ಆಡಿರಬೇಕಲ್ಲೋ?"

"ನೋಡೂಣ್ರಿ," ಎಂದೆ.

ಎಂಟನೆಯ ದಿನ ಬೆಳಿಗ್ಗೆ, ಅವರು ಬರುವ ಮೊದಲೇ, ಹದ ಮಾಡುವ ನೆಪದಲ್ಲಿ ನಾನು ಕೇಳಿದೆ. ಮೂವತ್ತೈದು ಸೆಕೆಂಡು. ಎರಡು ಸಲ ಕೇಳಿದೆ. ಆಮೇಲೆ ಹೊರಗೆ ಹೋಗಿ ಟ್ಯಾಂಕಿಯ ನಳದಲ್ಲಿ ಮುಖ ತೊಳೆದುಕೊಂಡೆ. ಟೇಪಿನಲ್ಲಿ ಅಣ್ಣನ ಉಸಿರು ತೀರ ಕಷ್ಟದಲ್ಲಿತ್ತು. ಮಾತಿಗೂ ಮಾತಿಗೂ ನಡುವೆ ಅಣ್ಣ ಗಾಳಿಯನ್ನು ಎಳೆದು ಎಳೆದು ಒಳಗೆ ತೆಗೆದುಕೊಳ್ಳುತ್ತಿದ್ದ. ಅದರೊಳಗೇ ಪಿಸುದನಿಯಲ್ಲಿ ಆಡಿದ ಒಂದು ಮಾತು ಮುಳುಗಿತ್ತು.

ಕಿವಿಪೆಟ್ಟಿಗೆಯಲ್ಲಿ ಉಸಿರಿಗೆಂದೇ ಬೇರೆ ಒಂದು ಗುಂಡಿ ಇದೆ. ಅದನ್ನು ಬಂದ್ ಮಾಡಿದರೆ ಉಸಿರೆಲ್ಲ ಗಾಳಿಯ ಲೆಕ್ಕಕ್ಕೆ ಹೋಗಿ ಮಾತು ಮಾತ್ರ ಉಳಿಯುತ್ತದೆ. ನಿಯಮಕ್ಕೇನೂ ವಿರುದ್ಧವಲ್ಲ, ಎಷ್ಟೋ ಜನರಿಗೆ ಹಾಗೆ ಮಾಡಿಕೊಟ್ಟಿದ್ದೇವೆ. ನಾನು ಆ ಗುಂಡಿಯನ್ನು ಬಂದ್ ಮಾಡಿದೆ. ಉಸಿರಿನ ಜೊತೆಗೆ ಪಿಸುದನಿಯ ಮಾತೂ ಹೋಯಿತು. ಉಳಿದದ್ದು ಬಹಳ ಚೆನ್ನಾಗಿತ್ತು. ಅದನ್ನು ಕೇಳಿಸಿಕೊಂಡು ವೈನಿ ಉಳಿದ ದಿನಗಳನ್ನು ಹಗುರಾಗಿ ಕಳೆಯಲಿ ಎಂದುಕೊಂಡೆ. ಅಣ್ಣನ ಬದಲಿಗೆ ನಾನು ಮಾಡಬಹುದಾದದ್ದು ಅದೊಂದೇ ಎಂದು ನನ್ನನ್ನು ನಾನು ಒಪ್ಪಿಸಿಕೊಂಡೆ.

ವೈನಿ ಬಂದು ಕುರ್ಚಿಯಲ್ಲಿ ಕೂತರು. ಹಸಿರು ಸೀರೆ ಉಟ್ಟಿದ್ದರು. ಆಗಿನದಲ್ಲ, ಹೊಸದು. ನಾನು ಹಾಕಿದೆ.

"ದಾಕ್ಷಾ, ಎತ್ತಬ್ಯಾಡ. ಇವತ್ತ ಮೂರು ರಿಂಗಿನ್ಯಾಗ ಮುಗಿಯೂದಿಲ್ಲ." ನಡುವೆ ಖಾಲಿ. "ಮಾಳಿಗಿ ಮ್ಯಾಲೆ ಅದೀ ನೋಡು. ದುರ್ಬೀನ್ಯಾಗ ಕಾಣಾಕತ್ತೀ, ಹಸರ ಸೀರಿ." ಖಾಲಿ. "ಎತ್ತಾಕ ಕೆಳಗ ಇಳದ್ರ ಕಾಣೂದಿಲ್ಲ ನೀ. ಹಂಗ ನಿಂದ್ರು." ಖಾಲಿ. "ಈ ಕಡೆ ನೋಡಾಕತ್ತೀ." ಬಹಳ ಹೊತ್ತು ಖಾಲಿ. "ಹೋದ್ಯಾ. ಇರಲಿ. ಉಣ್ಣು. ಕಾಯಬ್ಯಾಡ."

ವೈನಿ ಅಲ್ಲಾಡದೆ ಕೂತಿದ್ದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕರೆದಿರಲಿಲ್ಲ. ಎತ್ತಬೇಡ ಎಂದಿದ್ದ. ಇಪ್ಪತ್ತೆರಡು ವರ್ಷದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

"ಫಕ್ಕೀರಪ್ಪ," ಎಂದರು. "ಮೂಗು ಎಲ್ಲಿ ಹೋತು?"

"ಏನ್ರಿ?"

"ಎಲ್ಲಾದ್ರಾಗೂ ಇತ್ತಲ್ಲ, ಮೂಗಿನ ಸೀಟಿ. ಇದ್ರಾಗ ಇಲ್ಲ. ನಿಮ್ಮಣ್ಣ ಉಸರಾಡದ ಮಾತಾಡಿದ್ರೇನು?"

"ಅದು, ಗಾಳಿ ತಗಿಯೂ ಮುಂದ ಒಮ್ಮೊಮ್ಮೆ..."

"ಸಾಲಿ ತಪ್ಪಿಸಿ ಕೆರಿ ದಂಡಿಗೆ ಹೋಗಿ ಬಂದಾಗೂ ಹಿಂಗ ನೆಲಾ ನೋಡ್ಕೋತ ಮಾತಾಡ್ತಿದ್ದಿ ನೀ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನಂಗ ಅವರ ಮಾತೊಂದ ಬ್ಯಾಡ. ಉಸರೂ ಬೇಕು. ಅದು ನಂದು."

ನಾನು ಉಸಿರಿನ ಗುಂಡಿ ಹಾಕಿದೆ. ಮತ್ತೆ ಮೊದಲಿನಿಂದ.

ಈ ಸಲ ಮೊದಲು ಬಂದದ್ದು ಸೀಟಿ. ಮುರಿದು ಮುರಿದು, ಎಳೆದು ಎಳೆದು ಬರುತ್ತಿತ್ತು. ಮಾತು ಬಂತು, ಎತ್ತಬ್ಯಾಡ ಎಂದಿತು, ಮೂರು ರಿಂಗಿನಲ್ಲಿ ಮುಗಿಯುವುದಿಲ್ಲ ಎಂದಿತು. ಆಮೇಲೆ, ಮೊದಲು ಖಾಲಿ ಇದ್ದ ಜಾಗದಲ್ಲಿ, ಉಸಿರಿನೊಳಗೆ:

"ಎದಿ ಹಿಡದೈತಿ. ಕೆಳಗಿನವನ್ನ ಕರೀತೀನಿ. ಕರೀತೀನಿ ತಡಿ, ಮೊದಲ ನಿನ್ನ ಒಂದೀಟು ನೋಡ್ತೀನಿ."

ಕೊನೆಯ ತನಕ ಕೇಳಿದರು. ಮತ್ತೊಮ್ಮೆ ಹಾಕು ಅನ್ನಲಿಲ್ಲ.

"ನಾ ಮೊದಲ ಎತ್ತಿದ್ರ ಉಸರ ಕೇಳೇ ತಿಳೀತಿದ್ದೆ," ಎಂದರು. "ಓಣಿಗೆ ಓಣೀನ ಸೇರಸ್ತಿದ್ದೆ. ಉಳೀತಿದ್ರು."

"ಹಂಗ ಹೇಳಾಕ ಬರೂದಿಲ್ರಿ ವೈನಿ. ಡಾಕ್ಟರೂ..."

"ಉಳೀತಿದ್ರು," ಎಂದರು ಇನ್ನೊಮ್ಮೆ. "ಆದ್ರ ಎತ್ತಬ್ಯಾಡ ಅಂದ್ರಲ್ಲ. ನಿಂದ್ರು ಅಂದ್ರು. ನಾ ಆರನೇ ರಿಂಗಿನ ತನಕ ನಿಂತಿದ್ದೆ, ಫಕ್ಕೀರಪ್ಪ. ನಿಂತ ಫ್ಯಾನು ನೋಡ್ಕೋತ ನಿಂತಿದ್ದೆ. ಏಳನೇದಕ್ಕ ಇಳದೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಇಪ್ಪತ್ತೆರಡು ವರ್ಷ, ಯಾಕ ಲಗೂನ ಇಳೀಲಿಲ್ಲ ಅಂತ ಅತ್ತೆ. ಈಗ ನೋಡಿದ್ರ, ಯಾಕ ಇಳದೆ ಅಂತ ಅಳಬೇಕು. ಇನ್ನೊಂದು ರಿಂಗಿನ ತನಕ ಅಲ್ಲೇ ನಿಂತಿದ್ರ ಏನಾಗತಿತ್ತು ನಂಗ?"

ಆಗ ಅವರು ದನಿ ತೆಗೆದು ಅತ್ತರು. ನಾನೂ ಅತ್ತೆ. ಗುಂಡಿ ಬಂದ್ ಮಾಡಿದ್ದಕ್ಕೆ ತಪ್ಪಾಯಿತು ಎಂದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, ಇಟ್ಟುಕೊಂಡೇ ಕೂತರು. ಐವತ್ತಮೂರು ವರ್ಷದವನ ತಲೆಯ ಮೇಲೆ ಯಾರೂ ಹಾಗೆ ಕೈಯಿಡುವುದಿಲ್ಲ.

ರೊಟ್ಟಿ ಬಿಚ್ಚಿ ಇಬ್ಬರೂ ಉಂಡೆವು. ಹೊರಡುವಾಗ ಬಸ್‌ ನಿಲ್ದಾಣದಲ್ಲಿ ಕೇಳಿದರು.

"ಅವರ ನಂಬರ್ ಈಗ ಯಾರ ಹಂತ್ಯಾಕ ಐತಿ?"

"ನೋಡಬೇಕ್ರಿ. ಯಾಕ?"

"ಯಾರ ಹಂತ್ಯಾಕೂ ಇಲ್ಲಂದ್ರ ನೀ ತಗೊಂಡ ಇಟ್ಕೊ. ನಾ ಒಮ್ಮೊಮ್ಮೆ ಹಚ್ತೀನಿ. ಎತ್ತಬ್ಯಾಡ ಮತ್ತ. ತಿರಗಿ ಮಾಡಲೂಬ್ಯಾಡ. ಮಾತ ಕೊಡು."

ಕೊಟ್ಟೆ.

ಆ ನಂಬರ್ ಮೂರು ನಾಲ್ಕು ಕೈ ದಾಟಿ, ಈಗ ಯಾರದ್ದೂ ಅಲ್ಲದೆ ಖಾಲಿ ಬಿದ್ದಿತ್ತು. ನನ್ನ ಹೆಸರಿಗೆ ತೆಗೆಸಿ, ಒಂದು ಹಳೆಯ ಫೋನಿಗೆ ಹಾಕಿ, ಕೇಂದ್ರದ ನನ್ನ ಮೇಜಿನ ಡ್ರಾಯರಿನಲ್ಲಿಟ್ಟೆ. ವೈನಿಗೆ ತಿಳಿಸಿದೆ. ಎರಡು ವಾರ ಅದು ಸುಮ್ಮನೆ ಬಿದ್ದಿತ್ತು.

ಕರಪತ್ರದ ಹೊಸ ಮುದ್ರಣಕ್ಕೆ ಇನ್ನೊಂದು ಪ್ರಯೋಜನ ಸೇರಿಸಿಕೊಡಿ ಎಂದು ಮೇಲಿನವರು ಕೇಳಿದ್ದರು. ಅದನ್ನೇ ಬರೆಯಲು ಕೂತು, ಏಳು ಎಂದು ಅಂಕಿ ಹಾಕಿ, ಮುಂದೆ ಏನೂ ಹೊಳೆಯದೆ ಕಿಟಕಿ ನೋಡುತ್ತಿದ್ದೆ. ಗಡಿಯಾರದಲ್ಲಿ ಐದು ಐವತ್ತು. ಡ್ರಾಯರಿನೊಳಗೆ ಫೋನ್ ಕೂಗಿತು.

ಒಂದು.

ಅಭ್ಯಾಸಬಲ, ಕೈ ತಾನಾಗಿಯೇ ಮುಂದೆ ಹೋಯಿತು. ಹಿಂದಕ್ಕೆಳೆದುಕೊಂಡೆ. ಈ ಹೊತ್ತಿಗೆ ವೈನಿ ಮಾಳಿಗೆಯ ಮೇಲಿರುತ್ತಾರೆ, ಗುಡ್ಡದ ಕಡೆ ಮುಖ ಮಾಡಿ ನಿಂತಿರುತ್ತಾರೆ. ಫೋನಿಗೆ ಏನೋ ಹೇಳುತ್ತಿರುತ್ತಾರೆ. ಈಗ ರಿಂಗಿನ ಸದ್ದನ್ನು ಯಾವ ಟೇಪೂ ಉಳಿಸುವುದಿಲ್ಲ, ಯಾವ ಪೆಟ್ಟಿಗೆಯೂ ಅದನ್ನು ಮುಂದೆಂದೂ ತೆರೆಯಲಾರದು. ಅದನ್ನು ಕೇಳಲು ನನಗಿದ್ದ ದಾರಿ ಒಂದೇ, ಎತ್ತುವುದು.

ಎರಡು.

ಎರಡಕ್ಕೆ ನಿಂತರೆ, ಅಣ್ಣನ ಹತ್ತಿರ ಹೊರಟೆ ಎಂದು ಅರ್ಥ. ನಿಲ್ಲಬೇಡ, ವೈನಿ, ಇಲ್ಲಿಗೇ ನಿಲ್ಲಬೇಡ ಎಂದು ಡ್ರಾಯರಿನ ಹಿಡಿ ಹಿಡಿದುಕೊಂಡು ಕೂತೆ.

ಮೂರು.

ಅಲ್ಲಿಗೆ ನಿಂತಿತು. ನಾಲ್ಕನೆಯದು ಬರುತ್ತದೇನೋ ಎಂದು ಕಾದೆ, ಬರಲಿಲ್ಲ. ಇನ್ನೂ ತಡವಾಗುತ್ತದೆ, ನೀವು ಉಣ್ಣಿರಿ, ಕಾಯಬೇಡಿ ಎಂದು ವೈನಿ ಅಣ್ಣನಿಗೆ ತಿಳಿಸಿದ್ದರು.